ಎಲೆ ಒಗೆದರೆ ಸರದಿ ಮುಗಿಯಿತು

ನಾವು ಆಡುತ್ತಿದ್ದ ಆ ಕಾರ್ಡಿನ ಆಟದಲ್ಲಿ ಒಬ್ಬರ ಸರದಿ ಎಲ್ಲಿಗೆ ಮುಗಿಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶುರುವಾಗುವುದು ಗೊತ್ತಿತ್ತು. ಕಟ್ಟಿನ ಮೇಲಿನಿಂದ ಒಂದು ಕಾರ್ಡು ಎತ್ತಬೇಕು, ಕೈಯಲ್ಲಿದ್ದ ರಾಕ್ಷಸನನ್ನೋ ಹಾವನ್ನೋ ನೆಲಕ್ಕಿಳಿಸಬೇಕು, ಎದುರಿಗಿನವರ ಮೇಲೆ ಛೂ ಬಿಡಬೇಕು. ಇಷ್ಟನ್ನು ಟೀವಿಯಲ್ಲಿ ಹಿಂದಿ ಮಾತನಾಡುವ ಜಪಾನಿ ಕಾರ್ಟೂನು ನೋಡಿ ಕಲಿತಿದ್ದೆವು. ಆದರೆ ಆ ಕಾರ್ಟೂನಿನ ಹುಡುಗರು ಒಂದು ಕಾರ್ಡು ಇಳಿಸಿದರೆ ಅದರ ಮೇಲೆ ಪುರಾಣ ಹೇಳುವವರ ಹಾಗೆ ಭಾಷಣ ಶುರು ಮಾಡುತ್ತಿದ್ದರು. ಭಾಷಣ ಮುಗಿಯುವಷ್ಟರಲ್ಲಿ ಜಾಹೀರಾತು ಬರುತ್ತಿತ್ತು, ಇಲ್ಲವೇ ಅವ್ವ ಬಂದು ಟೀವಿ ಬಂದ್ ಮಾಡುತ್ತಿದ್ದಳು. ನಾಗಪುರದ ಸೀತಾಬರ್ಡಿ ಪೇಟೆಯ ಫುಟ್‌ಪಾತಿನಲ್ಲಿ ಕೊಂಡ ನಮ್ಮ ಕಾರ್ಡುಗಳೋ ಶುದ್ಧ ನಕಲಿ ಮಾಲು. ಜೊತೆಗೆ ನಿಯಮದ ಹಾಳೆ ಇರಲಿಲ್ಲ, ಮೇಲಿನ ಇಂಗ್ಲಿಷನ್ನು ಯಾರೋ ನಿದ್ದೆಗಣ್ಣಿನಲ್ಲಿ ಅಚ್ಚು ಹಾಕಿದಂತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು ಇದು. ನನಗಾಗ ಹನ್ನೊಂದು ವರ್ಷ. ಹುಬ್ಬಳ್ಳಿ ಕಡೆಯವರಾದ ಅಪ್ಪ ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ನಾಗಪುರಕ್ಕೆ ಬಂದು ಅಲ್ಲೇ ಉಳಿದಿದ್ದರು. ಅವ್ವ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ರಾಮದಾಸಪೇಠಿನಲ್ಲಿ, ಆಸ್ಪತ್ರೆಗಳ ಹಿಂದಿನ ಓಣಿಯಲ್ಲಿ, ಮೇಲಿನ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು, ಕೆಳಗೆ ಮನೆಯ ಮಾಲೀಕರು. ಮಾಲೀಕರ ಮೊಮ್ಮಗ ನನ್ನ ಓರಗೆಯವನು. ನಮ್ಮಿಬ್ಬರ ಆಟ ನಡೆಯುತ್ತಿದ್ದದ್ದು ನಮ್ಮ ಮನೆಯ ಮುಂದಿನ ಉದ್ದನೆಯ ಬಾಲ್ಕನಿಯಲ್ಲಿ. ನಾಗಪುರದವರು ಅದಕ್ಕೆ ಗ್ಯಾಲರಿ ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತಿದ್ದೆವು.

ಆಟಕ್ಕಿಂತ ಜಗಳವೇ ಹೆಚ್ಚು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ನಮ್ಮ ಆಟ. ಅವನು ಒಂದು ರಾಕ್ಷಸನನ್ನು ಇಳಿಸುತ್ತಿದ್ದ, ಹೊಡೆಯುತ್ತಿದ್ದ. ನಾನು ನನ್ನ ಕಾರ್ಡು ಎತ್ತಲು ಕೈ ಚಾಚಿದರೆ, ತಡೆ ತಡೆ, ನನ್ನ ಸರದಿ ಇನ್ನೂ ಇದೆ ಎಂದು ಇನ್ನೊಂದು ಇಳಿಸುತ್ತಿದ್ದ. "ಮಾಝಾ ಟರ್ನ್ ಅಜೂನ್ ಬಾಕೀ ಆಹೇ!" ಎಂದು ಅವನ ಮರಾಠಿ, "ಖತಮ್! ಹೋ ಗಯಾ ತೇರಾ!" ಎಂದು ನನ್ನ ಹಿಂದಿ. ನಮ್ಮ ಕೂಗಾಟಕ್ಕೆ ಕೆಳಗಿನ ನಾಯಿಯೂ ದನಿಗೂಡಿಸುತ್ತಿತ್ತು.

ಒಂದು ಸಂಜೆ ಈ ಗದ್ದಲ ತಾರಕಕ್ಕೇರಿದಾಗ, ಗ್ಯಾಲರಿಯ ಮೂಲೆಯಲ್ಲಿ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆ ಎತ್ತಿದಳು. ಅಪ್ಪನ ತಾಯಿ. ಆ ವರ್ಷ ದೀಪಾವಳಿ ಮುಗಿಸಿಕೊಂಡು ನಮ್ಮ ಮನೆಗೆ ಬಂದಿದ್ದಳು.

"ನಿಮ್ಮ ಜಗಳಕ್ಕಷ್ಟು ಬೆಂಕಿ ಹತ್ತಲಿ. ಆಡಿದ ಮ್ಯಾಲ ಎಲಿ ಒಗೀಬೇಕಿಲ್ಲೇನು?" ಎಂದಳು.

"ಯಾವ ಎಲಿ ಅಜ್ಜಿ?"

"ಯಾವದರ ಒಂದು. ಮೊದಲ ಒಂದ ಎತ್ತೀರಿಲ್ಲ? ಹಂಗಾರ ಕಡೀಕ ಒಂದ ಒಗೀರಿ. ಒಗದ್ರ ಮುಗೀತು, ಒಗೀಲಿಲ್ಲಂದ್ರ ಮುಗೀಲಿಲ್ಲ. ಇದರಾಗ ಜಗಳ ಏನ ಬಂತು?"

ಅಜ್ಜಿ ಹೇಳಿದ್ದು ರಮ್ಮಿಯ ನಿಯಮ. ಅಜ್ಜ ರೈಲ್ವೆಯಲ್ಲಿದ್ದವರು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನ ಗಂಡಸರು ಡ್ಯೂಟಿಗೆ ಹೋದ ಮೇಲೆ ಹೆಂಗಸರು ಹೊರಸಿನ ಮೇಲೆ ಕುಳಿತು ಇಸ್ಪೀಟು ಆಡುತ್ತಿದ್ದರಂತೆ. ಅಜ್ಜಿ ಅದರಲ್ಲಿ ಎತ್ತಿದ ಕೈ. ಅವಳ ಪಾಲಿಗೆ ಕಾರ್ಡು ಎಂದರೆ ಎಲೆ, ಎಲೆ ಎಂದರೆ ರಮ್ಮಿ, ರಮ್ಮಿ ಎಂದರೆ ಒಂದು ಎತ್ತಿ ಒಂದು ಒಗೆಯುವುದು. ಜಪಾನಿನ ರಾಕ್ಷಸರಾದರೇನು, ಹುಬ್ಬಳ್ಳಿಯ ರಾಜ ರಾಣಿಯರಾದರೇನು, ನೆಲದ ಮೇಲೆ ಕುಳಿತ ಮೇಲೆ ಎಲ್ಲರಿಗೂ ಒಂದೇ ಕಾನೂನು.

ನಾನು ಇದನ್ನು ಹಿಂದಿಗೆ ತಿರುಗಿಸಿ ಹುಡುಗನಿಗೆ ಹೇಳಿದೆ. ಅವನು ತನ್ನ ಕೈಯೆಲ್ಲ ಹುಡುಕಿ, ಒಂದು ಬಡಪಾಯಿ ಕಪ್ಪೆಯನ್ನು ನಡುವೆ ಒಗೆದ. ನಾನು ಗೆದ್ದವಳ ಹಾಗೆ, "ಖತಮ್!" ಎಂದೆ. ಅಜ್ಜಿ ನನ್ನ ಕಡೆಯೇ ಬೆರಳು ತೋರಿಸಿದಳು.

"ನೀ ಅನ್ನೂಹಂಗಿಲ್ಲ. ಯಾರ ಕೈಯಾಗ ಎಲಿ ಇರತೈತಿ ಅವರ ಒಗೀಬೇಕು, ಅವರ ಮುಗಸಬೇಕು. ಎದುರಿಗೆ ಕುಂತಾಕಿ ಮುಗೀತು ಅನ್ನೂದಲ್ಲ. ಅಂವ ಹೊತ್ತ ಮುಣುಗೂತನಕ ವಿಚಾರ ಮಾಡ್ತಾ ಕುಂತ್ರ ನೀನೂ ಬಾಯಿ ಮುಚಗೊಂಡು ಕುಂದರು."

ಅಂದಿನಿಂದ ನಮ್ಮ ಗ್ಯಾಲರಿಯಲ್ಲಿ ಅದೇ ಶಾಸನ. ಓಣಿಯ ಬೇರೆ ಮಕ್ಕಳೂ ಹಾಗೇ ಆಡತೊಡಗಿದರು, ಯಾಕೆಂದರೆ ಜಗಳ ನಿಜವಾಗಿಯೂ ನಿಂತಿತ್ತು. ಆ ಆಟದ ಅಸಲಿ ನಿಯಮ ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಕೈಯಲ್ಲಿ ಮಿತಿಗಿಂತ ಹೆಚ್ಚು ಕಾರ್ಡು ಇದ್ದರೆ ಮಾತ್ರ ಒಗೆಯಬೇಕಂತೆ, ಇಲ್ಲದಿದ್ದರೆ ಬಾಯಲ್ಲಿ ಮುಗಿಯಿತು ಎಂದರೆ ಸಾಕಂತೆ. ಇಷ್ಟು ಸಪ್ಪೆಯೇ ಎನಿಸಿತು. ನಮ್ಮ ಆಟದಲ್ಲಿ ಪ್ರತಿ ಸಲವೂ ಏನನ್ನಾದರೂ ಬಿಡಲೇಬೇಕಿತ್ತು. ಅಜ್ಜಿ ಇರುವತನಕ ನಾನು ಅವಳೊಂದಿಗೆ ಹಾಗೇ ಆಡಿದೆ.

ಹೌದು, ಅಜ್ಜಿ ಆಡಲಿಕ್ಕೂ ಕುಳಿತಳು. ನನ್ನಲ್ಲಿ ಎರಡೆರಡಿದ್ದ ಕಾರ್ಡುಗಳನ್ನೆಲ್ಲ ಸೇರಿಸಿ ಅವಳಿಗೊಂದು ಕಟ್ಟು ಮಾಡಿಕೊಟ್ಟೆ. ಇಂಗ್ಲಿಷು ಬಾರದ ಕಾರಣ ಚಿತ್ರ ನೋಡಿ ತಾನೇ ಹೆಸರಿಟ್ಟಳು. ಕೋರೆಹಲ್ಲಿನ ದೈತ್ಯ ಒಬ್ಬ ಹಲ್ಲುಬ್ಬ, ಕನ್ನಡಕ ಹಾಕಿದ ಮಂತ್ರವಾದಿ ಮಾಸ್ತರ. ಕೆಂಪು ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು ನಿಂತ ಒಂದು ಪಕ್ಷಿ ಇತ್ತು, ಅದು ಸಿಟ್ಟಿನ ಕೋಳಿ. ಅದೆಂದರೆ ಅವಳಿಗೆ ಜೀವ. ಎಂಥ ಇಕ್ಕಟ್ಟಿನಲ್ಲೂ ಅದನ್ನು ಒಗೆಯುತ್ತಿರಲಿಲ್ಲ. ಆಟದಲ್ಲಿ ಒಬ್ಬೊಬ್ಬರಿಗೆ ಉಳಿದ ಪ್ರಾಣದ ಲೆಕ್ಕಕ್ಕೆ ಹುಣಸೆ ಬೀಜ ಇಟ್ಟುಕೊಳ್ಳುತ್ತಿದ್ದೆವು. ಸೋಲುತ್ತಿದ್ದವಳು ಗೆಲ್ಲತೊಡಗಿದರೆ, "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ" ಎಂದು ಒಳಗೆ ಅಡುಗೆ ಮಾಡುತ್ತಿದ್ದ ನಮ್ಮವ್ವನಿಗೆ ಕೇಳಿಸುವ ಹಾಗೆ ಹೇಳುವಳು. ಅವ್ವ ಒಳಗಿನಿಂದಲೇ, "ನಿಮ್ಮ ಕಾಲ ಯಾವಾಗ ಮುಗದಿತ್ರಿ ಅತ್ತಿ?" ಎನ್ನುವಳು. ಇಬ್ಬರೂ ನಗುತ್ತಿದ್ದರು.

ಇನ್ನೊಂದು ಬದಲಾವಣೆಯನ್ನೂ ಅಜ್ಜಿ ಮಾಡಿದಳು. ಒಗೆದ ಕಾರ್ಡುಗಳ ರಾಶಿಗೆ ಆ ಆಟದಲ್ಲಿ ಸ್ಮಶಾನ ಎಂದು ಹೆಸರು. ಹುಡುಗ ಒಂದು ಸಂಜೆ, "ಆಜೀ, ಸ್ಮಶಾನಾತ್ ಟಾಕಾ" ಎಂದು ಎಲೆಯನ್ನು ಸ್ಮಶಾನಕ್ಕೆ ಹಾಕಲು ಹೇಳಿಬಿಟ್ಟ. ದೇವರ ಮುಂದೆ ಆಗಷ್ಟೇ ದೀಪ ಹಚ್ಚಿ ಬಂದಿದ್ದ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು.

"ದೀಪ ಹಚ್ಚೂ ಹೊತ್ತಿನ್ಯಾಗ ಅದೇನ ಮಾತೋ ಅದು!"

ಅದು ಕಾರ್ಡುಗಳ ಸ್ಮಶಾನ, ಅಲ್ಲಿಂದ ಕೆಲವರನ್ನು ಮಂತ್ರ ಹಾಕಿ ವಾಪಸ್ ಕರೆಸಬಹುದು ಎಂದು ನಾನು ವಿವರಿಸಿದೆ.

"ಸುಡಗಾಡಿಗೆ ಹೋದವರು ತಿರುಗಿ ಬರ್ತಾರೇನ? ತವರಮನಿಗೆ ಹೋದವರು ಬರ್ತಾರ. ಅದಕ್ಕ ತವರಮನಿ ಅನ್ರಿ."

ಹಾಗೆ ನಮ್ಮ ಓಣಿಯಲ್ಲಿ ಸತ್ತ ರಾಕ್ಷಸರೆಲ್ಲ ತವರುಮನೆಗೆ ಹೋಗತೊಡಗಿದರು. ಮರಾಠಿ ಮಕ್ಕಳು ಅದನ್ನು ಮಾಹೇರ್ ಎಂದು ತಿರುಗಿಸಿಕೊಂಡರು. ಕೋರೆಹಲ್ಲಿನ ಹಲ್ಲುಬ್ಬ ಸೋತು ಮಾಹೇರಿಗೆ ಹೊರಟಾಗ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಈಗ ಮನೆಯ ಪಾಳಿಯ ವಿಷಯ ಹೇಳಬೇಕು. ಅಜ್ಜ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ಕುಳಿತು ಒಂದು ಏರ್ಪಾಟು ಮಾಡಿದ್ದರು. ಅಜ್ಜಿ ವರ್ಷಕ್ಕೆ ನಾಲ್ಕು ತಿಂಗಳು ಒಬ್ಬೊಬ್ಬರ ಮನೆಯಲ್ಲಿ. ಬೇಸಿಗೆಯಲ್ಲಿ ನಾಗಪುರದಲ್ಲಿ ಹಕ್ಕಿ ಕೂಡ ನಿಲ್ಲುವುದಿಲ್ಲ ಎಂದು ಚಳಿಗಾಲ ನಮ್ಮ ಪಾಲಿಗೆ ಬಂದಿತ್ತು. ದೀಪಾವಳಿ ಮುಗಿದು ಕಿತ್ತಳೆ ಹಣ್ಣು ಬರುವ ಹೊತ್ತಿಗೆ ಬರುವಳು. ಶಿವರಾತ್ರಿ ಮುಗಿದು, ಅಟ್ಟದ ಮೇಲಿನ ಕೂಲರ್ ಇಳಿಸಿ ಅದರ ಬದಿಗಳಿಗೆ ಹೊಸ ಹುಲ್ಲಿನ ಚಾಪೆ ಹೊಂದಿಸುವ ಹೊತ್ತಿಗೆ ಹುಬ್ಬಳ್ಳಿಯ ದೊಡ್ಡಪ್ಪ ಬಂದು ಕರೆದುಕೊಂಡು ಹೋಗುವರು. ಮಳೆಗಾಲಕ್ಕೆ ಸೊಲ್ಲಾಪುರದ ಕಾಕಾ. ಮೂವರೂ ತಾಯಿಯನ್ನು ಪ್ರೀತಿಸುವವರೇ, ಮೂವರು ಸೊಸೆಯರೂ ಒಳ್ಳೆಯವರೇ. ಬಂಧುಗಳೆಲ್ಲ, ಮಕ್ಕಳೆಂದರೆ ಹೀಗಿರಬೇಕು ಎಂದು ಹೊಗಳುತ್ತಿದ್ದರು.

ನನಗೆ ಮಾತ್ರ ಆ ಏರ್ಪಾಟು ಕಂಡರೆ ಆಗುತ್ತಿರಲಿಲ್ಲ. ಅಜ್ಜಿ ಇಲ್ಲದ ತಿಂಗಳುಗಳಲ್ಲಿ ಮನೆಯ ಕೀಲಿ ನನ್ನ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ಮಧ್ಯಾಹ್ನ ಶಾಲೆಯಿಂದ ಬಂದು ನಾನೇ ಬೀಗ ತೆಗೆಯಬೇಕು, ಮುಚ್ಚಿಟ್ಟ ಅನ್ನ ತಿನ್ನಬೇಕು, ಅವ್ವ ಬರುವತನಕ ಗೋಡೆ ನೋಡಬೇಕು. ಅಜ್ಜಿ ಇದ್ದರೆ ಮೆಟ್ಟಿಲ ಬುಡದಲ್ಲೇ ಒಗ್ಗರಣೆಯ ವಾಸನೆ, ಮೇಲೆ ತೆರೆದ ಬಾಗಿಲು. "ಬಂದೇನ ನನ್ನವ್ವ?" ಎಂಬ ಆ ಒಂದು ಮಾತಿಗಾಗಿ ನಾನು ಓಣಿಯ ತಿರುವಿನಿಂದ ಓಡುತ್ತಿದ್ದೆ. ಆ ವರ್ಷ ನನಗಿದ್ದ ಆಸೆ ಒಂದೇ. ಅಜ್ಜಿ ಹೋಗಬಾರದು.

ಆದರೂ ಶಿವರಾತ್ರಿ ಬಂತು, ಹೋಯಿತು. ದೊಡ್ಡಪ್ಪ ಬಂದರು. ಅಜ್ಜಿಯ ಟ್ರಂಕು, ಹಾಸಿಗೆಯ ಸುರುಳಿ, ಹುಬ್ಬಳ್ಳಿಯ ಮೊಮ್ಮಕ್ಕಳಿಗೆ ಒಂದು ಬುಟ್ಟಿ ಕಿತ್ತಳೆ ಬಾಗಿಲ ಬಳಿ ಸಾಲಾಗಿ ನಿಂತವು. ಸಂಜೆಯ ರೈಲು. ಊಟವಾದ ಮೇಲೆ ಅಜ್ಜಿಯೇ, "ಬಾ, ಒಂದ ಆಟ ಆಡೂಣು" ಎಂದಳು. ಆಡುತ್ತ ಕುಳಿತೆವು. ಅಪ್ಪ ಆಟೋ ತರಲು ಹೋದರು. ಆಟೋ ಬಂತು, ಕೆಳಗೆ ಹಾರ್ನ್ ಹೊಡೆಯಿತು. ಆಗ ಅಜ್ಜಿಯ ಸರದಿ. ಎಲೆ ಎತ್ತಿದ್ದಳು, ಇನ್ನೂ ಒಗೆದಿರಲಿಲ್ಲ.

ದೊಡ್ಡಪ್ಪ ಗಡಿಯಾರ ನೋಡಿಕೊಂಡು, "ಸಾಕ ಮಾಡವ್ವಾ. ರೈಲ ನಮಗ ಕಾಯಂಗಿಲ್ಲ. ಆಟ ಮುಗೀತು, ಏಳು" ಎಂದರು.

ನನಗೆ ಅದೆಲ್ಲಿಂದ ಧೈರ್ಯ ಬಂತೋ. "ಮುಗದಿಲ್ಲ ದೊಡ್ಡಪ್ಪಾ. ಅಜ್ಜಿ ಇನ್ನೂ ಎಲಿ ಒಗದಿಲ್ಲ. ಎದುರಿಗಿನವರು ಮುಗೀತು ಅನ್ನೂಹಂಗಿಲ್ಲ" ಎಂದೆ.

ದೊಡ್ಡಪ್ಪ ನಕ್ಕರು. "ನಾ ನಿಮ್ಮ ಆಟದಾಗ ಇಲ್ಲ ಬಿಡವಾ."

"ಇದ್ದೀರಿ! ನೀವೂ, ಅಪ್ಪಾನೂ, ಕಾಕಾನೂ. ಮೂರೂ ಮಂದಿ ಎದುರಿಗಿನವರ. ಪ್ರತಿ ಸಲ ನೀವ ಮುಗೀತು ಅಂತೀರಿ, ನೀವ ಟ್ರಂಕ ಎತ್ತತೀರಿ. ಅಜ್ಜಿನ್ನ ಯಾರರ ಕೇಳೀರೇನು?" ಇಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ನನ್ನ ಹುಣಸೆ ಬೀಜಗಳೆಲ್ಲ ಕಾಲು ತಾಗಿ ಚೆಲ್ಲಾಪಿಲ್ಲಿಯಾದವು.

"ದೊಡ್ಡವರ ಮುಂದ ಹಿಂಗ ಮಾತಾಡ್ತಾರೇನ!" ಎಂದು ಅವ್ವ ಗದರಿದಳು. ಆದರೆ ಗದರಿಕೆಯಲ್ಲಿ ಜೋರಿರಲಿಲ್ಲ. ಅವ್ವನೂ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅಜ್ಜಿ ತನ್ನ ಕೈಯ ಎಲೆಗಳನ್ನು ನೋಡುತ್ತ ಕುಳಿತಿದ್ದಳು. ಸಿಟ್ಟಿನ ಕೋಳಿ ಅಲ್ಲೇ ಇತ್ತು, ಅದರ ಕೆಂಪು ಅಂಚು ನನಗೆ ಕಾಣುತ್ತಿತ್ತು. ಕೆಳಗೆ ಆಟೋದವನು ಮತ್ತೆ ಹಾರ್ನ್ ಹೊಡೆದ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಹೆಚ್ಚು ಮಾತಿನವರಲ್ಲ. ಅಂದು ಮಾತ್ರ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕುಳಿತು, "ಅವ್ವಾ, ನಿನಗ ಏನ ಅನಸ್ತೈತಿ?" ಎಂದು ಕೇಳಿದರು.

ಅಜ್ಜಿ ಎಲೆಗಳನ್ನು ಒಟ್ಟು ಮಾಡಿ, ನೆಲಕ್ಕೆ ಕುಟ್ಟಿ ಸಮ ಮಾಡಿಕೊಂಡಳು.

"ಕೇಳಿದಿಯಲ್ಲ, ಹಂಗಾರ ಹೇಳ್ತೀನಿ. ಕೈಯಾಗ ಇನ್ನೂ ಎಲಿ ಅದಾವು. ನಂಗ ಒಗೀಬೇಕು ಅನಿಸಿದಾಗ ಒಗೀತೀನಿ."

"ಇಲ್ಲಿ ಬ್ಯಾಸಿಗಿ ಗೊತ್ತೈತೇನವ್ವಾ? ತಲಿ ಒಡೀತೈತಿ" ಎಂದರು ದೊಡ್ಡಪ್ಪ.

"ಒಡದ್ರ ನನ್ನ ತಲಿ ಒಡೀತೈತಿ."

ದೊಡ್ಡಪ್ಪ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ಕಿತ್ತಳೆ ಬುಟ್ಟಿ ಹಿಡಿದು ಒಬ್ಬರೇ ಹೊರಟರು. ಅವರ ಮುಖ ಸಣ್ಣದಾಗಿತ್ತು. ಆಟೋ ಓಣಿ ತಿರುಗುವತನಕ ಅಜ್ಜಿ ಗ್ಯಾಲರಿಯಲ್ಲಿ ನಿಂತು ನೋಡಿದಳು. ನಾನು ಟ್ರಂಕನ್ನು ಎಳೆದುಕೊಂಡು ಹೋಗಿ ಮತ್ತೆ ಅವಳ ಮಂಚದ ಕೆಳಗೆ ನೂಕಿದೆ. ಅಷ್ಟು ಖುಷಿ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ಅಜ್ಜಿ ಆ ಬೇಸಿಗೆಯನ್ನು ಕಂಡಳು. ನಾಗಪುರದ ಬಿಸಿಲು ಯಾರ ಮುಲಾಜನ್ನೂ ನೋಡುವುದಿಲ್ಲ. ಬೆಳಿಗ್ಗೆಯೇ ಕಿಟಕಿ ಮುಚ್ಚಿ, ಕೂಲರಿಗೆ ನೀರು ತುಂಬಿ, ಅದರ ಎದುರು ಒದ್ದೆ ಪಂಚೆ ಹೊದ್ದು ಮಲಗುವಳು. ಮಾಲೀಕರ ಮನೆಯ ಅಜ್ಜಿ ಮಾವಿನಕಾಯಿ ಬೇಯಿಸಿ ಪನ್ಹೆ ಎಂಬ ಪಾನಕ ಮಾಡಿ ಕಳಿಸುವರು. ನಾನು ಹೊರಗೆ ಹೊರಟರೆ, ಲೂ ಎಂಬ ಬಿಸಿಗಾಳಿ ಬಡಿಯದಿರಲಿ ಎಂದು ಕಿಸೆಗೆ ಒಂದು ಉಳ್ಳಾಗಡ್ಡಿ ತುರುಕುವುದನ್ನು ಅಜ್ಜಿ ಅವರಿಂದಲೇ ಕಲಿತಳು. "ಈ ಊರಾಗ ಉಳ್ಳಾಗಡ್ಡಿನ ದೇವರು" ಎನ್ನುವಳು. ಒಮ್ಮೆಯೂ ಹುಬ್ಬಳ್ಳಿಯ ಗಾಳಿಯ ಮಾತು ತೆಗೆಯಲಿಲ್ಲ. ಬಿಸಿಲು ಇಳಿದ ಮೇಲೆ ಗ್ಯಾಲರಿಗೆ ನೀರು ಹೊಡೆದು, ನೆಲ ಆರುತ್ತಿದ್ದಂತೆ ಆಟಕ್ಕೆ ಕೂರುತ್ತಿದ್ದೆವು. ಸಿಟ್ಟಿನ ಕೋಳಿ ಅಜ್ಜಿಯ ಕೈಗೆ ಬಂದಾಗಲೆಲ್ಲ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಆ ಎಲೆಯನ್ನು ಅವಳು ಒಗೆಯದಿರುವತನಕ ಹೋಗುವುದಿಲ್ಲ ಎಂದು ನನ್ನಷ್ಟಕ್ಕೆ ನಂಬಿಬಿಟ್ಟಿದ್ದೆ. ಅವಳು ಬೇರೆ ಯಾವುದನ್ನೋ ಒಗೆದರೆ ಜೀವ ಬಂದಂತಾಗುತ್ತಿತ್ತು.

ಮಳೆ ಬಂತು. ಶಾಲೆ ಶುರುವಾಯಿತು. ಕೊರಳಲ್ಲಿ ಕೀಲಿ ಇರಲಿಲ್ಲ. ಅಜ್ಜಿ ಇನ್ನು ನಮ್ಮವಳೇ ಎಂದು ನಾನು ನಿಶ್ಚಿಂತಳಾಗಿದ್ದೆ.

ಆಷಾಢದ ಕೊನೆ. ಸಣ್ಣಗೆ ಜಿನುಗುತ್ತಿದ್ದ ಒಂದು ಸಂಜೆ ಗ್ಯಾಲರಿಯಲ್ಲಿ ಆಡುತ್ತಿದ್ದೆವು. ಅಪ್ಪ ಬ್ಯಾಂಕಿನಿಂದ ಬಂದು ಚಹಾ ಕುಡಿಯುತ್ತ ಕುರ್ಚಿಯಲ್ಲಿ ಕುಳಿತಿದ್ದರು. ಅಜ್ಜಿ ಒಂದು ಎಲೆ ಎತ್ತಿದಳು, ಕೈಯನ್ನೆಲ್ಲ ನಿಧಾನವಾಗಿ ನೋಡಿದಳು. ಆಮೇಲೆ ಸಿಟ್ಟಿನ ಕೋಳಿಯನ್ನು ತೆಗೆದು, ತವರುಮನೆಯ ರಾಶಿಯ ಮೇಲೆ ಮೆಲ್ಲಗೆ ಇಟ್ಟಳು. ಒಗೆಯಲಿಲ್ಲ, ಇಟ್ಟಳು.

"ಟಿಕೀಟ ತಗಸೋ" ಎಂದಳು ಅಪ್ಪನಿಗೆ.

ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಎಲ್ಲಿಗವ್ವಾ? ಹುಬ್ಬಳ್ಳಿಗೋ, ಸೊಲ್ಲಾಪುರಕ್ಕೋ?"

"ಎರಡೂ ಅಲ್ಲ. ಪಂಚಮಿ ಬಂತು. ನನ್ನ ತವರಮನಿಗೆ ಹೋಗ್ತೀನಿ."

ಅಜ್ಜಿಗೂ ಒಂದು ತವರು ಇದೆ ಎಂಬುದೇ ನನಗೆ ಹೊಳೆದಿರಲಿಲ್ಲ. ನವಲಗುಂದದ ಕಡೆ ಒಂದು ಹಳ್ಳಿ, ಅಲ್ಲಿ ಅವಳ ತಮ್ಮನ ಮನೆ. ನಮ್ಮ ಕಡೆ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುತ್ತಾರೆ, ಉಂಡಿ ಕಟ್ಟುತ್ತಾರೆ, ಮರಕ್ಕೆ ಜೋಕಾಲಿ ಹಾಕಿ ಮುದುಕಿಯರೂ ಜೀಕುತ್ತಾರೆ. ಗಂಡುಮಕ್ಕಳ ಏರ್ಪಾಟಿನಲ್ಲಿ ಆ ಹಬ್ಬಕ್ಕೆ ಜಾಗವಿರಲಿಲ್ಲ.

"ಅಜ್ಜ ಹೋದ ಮ್ಯಾಲ ನಾ ಜೋಕಾಲಿ ಹಗ್ಗ ಹಿಡದಿಲ್ಲ" ಎಂದಳು ಅಜ್ಜಿ, ನನ್ನ ಕಡೆ ತಿರುಗಿ. "ಪಂಚಮಿ ಬಂದಾಗೆಲ್ಲ ಸೊಲ್ಲಾಪುರದ ಪಾಳಿ ಇರ್ತಿತ್ತು."

ಅಪ್ಪ ಕುರ್ಚಿಯಿಂದ ಇಳಿದು ಅಜ್ಜಿಯ ಪಕ್ಕ ನೆಲದ ಮೇಲೆ ಕುಳಿತರು. ಆಮೇಲೆ, "ಯಾಕ ಹೇಳಲಿಲ್ಲವ್ವಾ ಇಷ್ಟ ವರ್ಷ?" ಎಂದರು.

"ನೀ ಕೇಳಿದ್ದು ಈ ವರ್ಷ."

ಹೋಗಬೇಡ ಎನ್ನಲು ನನ್ನ ಬಾಯಿ ತೆರೆದಿತ್ತು. ಆದರೆ ಏನೆಂದು ಹೇಳಲಿ? ಎಲೆ ಅವಳ ಕೈಯದು, ಇಟ್ಟವಳು ಅವಳು, ಮುಗಿಸಿದವಳೂ ಅವಳೇ. ದೊಡ್ಡಪ್ಪನ ಎದುರು ಅಷ್ಟು ಜೋರಾಗಿ ಕೂಗಿ ಹೇಳಿದ್ದು ನಾನೇ. ರಾಶಿಯ ಮೇಲೆ ಸಿಟ್ಟಿನ ಕೋಳಿ ಕೆಂಪು ರೆಕ್ಕೆ ಬಿಚ್ಚಿಕೊಂಡು ಮಲಗಿತ್ತು.

"ನೋಡ್ತಿ ಯಾಕ?" ಎಂದಳು ಅಜ್ಜಿ. "ನಿನ್ನ ಸರದಿ. ಎಲಿ ಎತ್ತು."

ನಾನು ಅಳುತ್ತಲೇ ಎತ್ತಿದೆ.